ದನಿಯಿಲ್ಲದ ಮೂರು ತಿಂಗಳು

ಬನಹಟ್ಟಿಯ ಹೊರಗಿನ ದಿನ್ನೆಯ ಮೇಲೆ ಮೂರನೆಯ ಇಯತ್ತೆಯ ಮಕ್ಕಳಿಗೆ ಹಕ್ಕಿಗಳನ್ನು ತೋರಿಸುತ್ತಿದ್ದೆ. ಅವರ ಬೆನ್ನ ಹಿಂದೆ ಬೆಳ್ಳಕ್ಕಿಗಳ ಸಾಲು ಮೇಲೆದ್ದಿತು. "ಅಲ್ಲಿ ನೋಡಿರಿ" ಎಂದೆ. ಯಾರೂ ತಿರುಗಲಿಲ್ಲ.

ದನಿ ಹೊರಟೇ ಇರಲಿಲ್ಲ.

ನೆಗಡಿ ಎಂದುಕೊಂಡೆ. ಜ್ಯೇಷ್ಠಮಧು ಅಗಿದೆ. ತಿಂಗಳಾದರೂ ಗಂಟಲಲ್ಲಿ ಗಾಳಿಯಷ್ಟೇ ಉಳಿದಾಗ ಹೆಂಡತಿ ಗಂಗವ್ವ ನನ್ನನ್ನು ಮಿರಜಿನ ಆಸ್ಪತ್ರೆಗೆ ಕರೆದೊಯ್ದಳು. ಲ್ಯಾರಿಂಕ್ಸಿನಲ್ಲಿ, ದನಿ ಹುಟ್ಟುವ ಜಾಗದಲ್ಲಿ, ಗಂಟಿದೆ ಎಂದರು. ಆಪರೇಷನ್ ಆಯಿತು. ಕ್ಯಾನ್ಸರ್ ಇದೆಯೋ ಎಂದು ನೋಡಲು ಗಂಟಿನ ಚೂರು ಬಯಾಪ್ಸಿಗೆ ಹೋಯಿತು. ರಿಪೋರ್ಟ್ ಅಂಚೆಯಲ್ಲಿ ಬರುತ್ತದೆ, ಮೂರು ತಿಂಗಳು ಪಿಸುಮಾತೂ ಕೂಡದು, ಏನಿದ್ದರೂ ಬರೆದು ತೋರಿಸಿ ಎಂದು ಡಾಕ್ಟರರು ಹೇಳಿ ಕಳಿಸಿದರು. ದನಿ ಮರಳುತ್ತದೆಯೇ ಎಂದು ಬರೆದು ಕೇಳಿದೆ. "ನೋಡೋಣ" ಎಂದರು.

ಸ್ವಾತಂತ್ರ್ಯ ಬಂದು ಸಂಸ್ಥಾನದ ಶಾಲೆ ಮುಂಬಯಿ ಸರಕಾರಕ್ಕೆ ಸೇರಿದ ಮೇಲೆ ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ದನಿಯಿಲ್ಲದ ಮಾಸ್ತರನನ್ನು ಯಾರು ಇಟ್ಟುಕೊಂಡಾರು?

ಮನೆಗೆ ಬಂದ ದಿನ ಬಾಯಾರಿತು. ಪಾಟಿಯ ಮೇಲೆ 'ನೀರು' ಎಂದು ಬರೆದು ಗಂಗವ್ವನ ಮುಂದೆ ಹಿಡಿದೆ. ಅವಳು ಪಾಟಿಯನ್ನು ನೋಡಿದಳು, ನನ್ನನ್ನು ನೋಡಿದಳು.

ಅವಳಿಗೆ ಓದು ಬರುತ್ತಿರಲಿಲ್ಲ.

ನನಗೆ ಗೊತ್ತಿಲ್ಲದ ಸಂಗತಿಯಲ್ಲ ಅದು. ಊರ ಮಕ್ಕಳಿಗೆ ಅಕ್ಷರ ತಿದ್ದಿಸಿದ ಹದಿನಾಲ್ಕು ವರ್ಷಗಳಲ್ಲಿ ಒಂದು ಸಂಜೆಯೂ ಅವಳ ಮುಂದೆ ಪಾಟಿ ಇಟ್ಟವನಲ್ಲ. ಇಡಬೇಕೆಂಬ ಯೋಚನೆಯೇ ಬಂದಿರಲಿಲ್ಲ. ತಲೆ ತಗ್ಗಿಸಿದೆ.

"ಆ ಪಾಟಿ ಇಡ್ರಿ ಅತ್ಲಾಗ," ಎಂದಳು. "ಬರೇ ತುಟಿ ಆಡಸ್ರಿ. ನಮ್ಮ ತವರಮನ್ಯಾಗ ನಾಕು ಮಗ್ಗ ಒಮ್ಮೆಲೇ ಬಡೀತಿದ್ವು. ನಮ್ಮವ್ವ ಬೈದದ್ದೆಲ್ಲಾ ತುಟಿ ನೋಡೇ ತಿಳಕೊಂಡಾಕಿ ನಾ."

ತುಟಿ ಆಡಿಸಿದೆ. ನೀರು ಬಂತು.

ಆಮೇಲಿನ ದಿನಗಳು ಕನಸಿನಲ್ಲಿ ನಡೆದಂತೆ ನೆನಪಿವೆ. ಬೆಳಗ್ಗೆ ಇಬ್ಬರೂ ಹೊಲದ ಬದುವಿನ ಮೇಲೆ ನಡೆಯುತ್ತಿದ್ದೆವು. ಮಂಜಿನಲ್ಲಿ ಜೋಳದ ತೆನೆಗಳು ಮಾತ್ರ ಕಾಣುತ್ತಿದ್ದವು, ಬುಡವಿಲ್ಲದೆ ತೇಲಿದಂತೆ. ನಾನು ಸುಮ್ಮನಿದ್ದುದಕ್ಕೋ ಏನೋ ಹಕ್ಕಿಗಳು ಹತ್ತಿರವೇ ಕೂರುತ್ತಿದ್ದವು. ಇಷ್ಟು ವರ್ಷ ಅವುಗಳ ಹೆಸರು ಹೇಳಿಕೊಡುವ ಅವಸರದಲ್ಲಿ ಅವುಗಳ ಕೂಗನ್ನು ಪೂರ್ತಿಯಾಗಿ ಕೇಳಿಯೇ ಇರಲಿಲ್ಲ.

"ಲಗ್ನ ಆದಾಗಿಂದ ನೀವ ಮಾತಾಡೀರಿ," ಎಂದಳು ಗಂಗವ್ವ ಒಂದು ದಿನ. "ಈಗ ನನ್ನ ಪಾಳಿ."

ಸಂಜೆ ಅವಳಿಗೆ ಅಕ್ಷರ ಕಲಿಸತೊಡಗಿದೆ. ನಾನು ಬರೆದು ತುಟಿ ಆಡಿಸುವುದು, ಅವಳು ಉಚ್ಚರಿಸುವುದು. ಈ ವಯಸ್ಸಿನಲ್ಲಿ ಸಾಲಿಗೆ ಹಚ್ಚಿದಿರಿ ಎಂದು ಹಂಗಿಸುತ್ತಿದ್ದಳು, ಪಾಟಿ ಬಿಡುತ್ತಿರಲಿಲ್ಲ.

ಎರಡನೆಯ ತಿಂಗಳು ಮಿರಜಿನಿಂದ ಲಕೋಟೆ ಬಂತು. ನಿಂತೇ ಓದಿದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ತುಟಿ ಆಡಿಸಬಹುದಿತ್ತು. ಪಾಟಿ ತೆಗೆದುಕೊಂಡು ಒಂದೇ ಶಬ್ದ ಬರೆದೆ.

ಅವಳು ಬೆರಳಿಟ್ಟು ಕೂಡಿಸಿದಳು. ಭ. ಯ. ವಿ. ಒತ್ತಕ್ಷರಕ್ಕೆ ತಡವರಿಸಿದಳು.

"ಭಯವಿಲ್ಲ."

ಪಾಟಿಯನ್ನು ಮಡಿಲಲ್ಲಿಟ್ಟುಕೊಂಡು ಆ ಅಕ್ಷರಗಳ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು.

ಈಗ ದನಿ ಅರ್ಧ ಮರಳಿದೆ, ಒಡಕಾಗಿ. ಉಳಿದರ್ಧ ಬಂದೀತೆಂದು ಡಾಕ್ಟರರೂ ಹೇಳಿಲ್ಲ. ಹೆಡ್‌ಮಾಸ್ತರರು ಸದ್ಯಕ್ಕೆ ಇಟ್ಟುಕೊಂಡಿದ್ದಾರೆ. ನೇಕಾರರ ಮಕ್ಕಳನ್ನು ಮುಂದೆ ಕೂರಿಸುತ್ತೇನೆ; ದನಿ ಕೈಕೊಟ್ಟಾಗ ಅವರು ತುಟಿ ನೋಡಿ ಹಿಂದಿನವರಿಗೆ ಹೇಳುತ್ತಾರೆ.

ನಿನ್ನೆ ಮತ್ತೆ ದಿನ್ನೆಗೆ ಹೋಗಿದ್ದೆವು. ಬೆಳ್ಳಕ್ಕಿಗಳು ಎದ್ದವು. ಮಕ್ಕಳು ಮೊದಲು ನನ್ನ ತುಟಿ ನೋಡಿದರು, ಆಮೇಲೆ ಎಲ್ಲರೂ ತಿರುಗಿದರು.