ಬಿಸಿಲು ಅಳೆಯುವ ಗಾಜಿಗೆ ವಿಭೂತಿ

ನಮ್ಮ ವಿಶ್ವವಿದ್ಯಾಲಯದವರು ಶಿಕಾರಿಪುರ ತಾಲ್ಲೂಕಿನ ತೊಗರ್ಸಿ ಕಡೆಯ ಹೊಲಗಳ ನಡುವೆ ಸೌರವಿದ್ಯುತ್ತು, ಗಾಳಿವಿದ್ಯುತ್ತು ಇತ್ಯಾದಿಗಳಿಗೆ ಒಂದು ಸಂಶೋಧನಾ ಕೇಂದ್ರ ಕಟ್ಟಲು ಹೊರಟಾಗ ಅದರ ಉಸ್ತುವಾರಿಯನ್ನು ನನ್ನ ತಲೆಗೆ ಕಟ್ಟಿದರು. ನಾನು ಸೊರಬ ತಾಲ್ಲೂಕಿನ ಜಡೆ ಊರಿನವಳು, ಪಕ್ಕದ ಶಿಕಾರಿಪುರದ ಜನರ ಜೊತೆ ಹೇಗೂ ಹೊಂದಿಕೊಳ್ಳುತ್ತೇನೆ ಎಂದು ಅವರು ಭಾವಿಸಿದ್ದರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇನೋ. ಕೇಂದ್ರವೆಂದರೆ ಆಗ ಎರಡು ಕೋಣೆಯ ತಾರಸಿ ಕಟ್ಟಡ, ಒಂದು ತಗಡಿನ ಶೆಡ್ಡು, ಒಂದು ಸಾಲು ಪ್ಯಾನೆಲ್ಲು, ಪಾಯದ ಮಟ್ಟಕ್ಕೆ ನಿಂತ ಪ್ರಯೋಗಾಲಯ. ಸುತ್ತಲೂ ಮೆಕ್ಕೆಜೋಳ.

ಆ ಪಾಯದ ಮೇಲೆ ಗೋಡೆ ಏಳಬೇಕಾದರೆ ಒಂದು ಷರತ್ತಿತ್ತು. ಈ ಜಾಗದಲ್ಲಿ ಎಷ್ಟು ಬಿಸಿಲು ಬೀಳುತ್ತದೆ ಎಂಬುದನ್ನು ಒಂದು ವರ್ಷ ಎಡೆಬಿಡದೆ ಅಳೆದು ಪರಿಶೀಲನಾ ಸಮಿತಿಗೆ ಒಪ್ಪಿಸಬೇಕು. ಅದಕ್ಕಾಗಿ ತಾರಸಿಯ ಮೇಲೆ ಒಂದು ಉಪಕರಣ ಕೂರಿಸಿದ್ದೆವು. ಅಂಗೈ ಅಗಲದ ದುಂಡನೆಯ ಲೋಹದ ಪೀಠ, ಅದರ ಮೇಲೆ ಅರ್ಧ ಗೋಳದಷ್ಟು ಗಾಜು. ಗಾಜಿನೊಳಗೆ ಬಿದ್ದ ಬಿಸಿಲು ಕೆಳಗೆ ನನ್ನ ಕಂಪ್ಯೂಟರಿನಲ್ಲಿ ಗೆರೆಯಾಗಿ ಮೂಡುತ್ತಿತ್ತು. ಗಾಜಿನ ಮೇಲೆ ಧೂಳು ಕೂತರೆ ಗೆರೆ ಸುಳ್ಳು ಹೇಳುತ್ತದೆ. ಹಾಗಾಗಿ ಅದನ್ನು ದಿನಾ ಬೆಳಿಗ್ಗೆ ಮೆತ್ತನೆಯ ಬಟ್ಟೆಯಿಂದ ಒರೆಸಬೇಕಿತ್ತು.

ಒರೆಸುವವರು ನಾವೆಲ್ಲ ಅಕ್ಕ ಎಂದು ಕರೆಯುತ್ತಿದ್ದವರು. ಐವತ್ತು ದಾಟಿದ ಹೆಂಗಸು, ತೊಗರ್ಸಿಯವರು. ಕೇಂದ್ರಕ್ಕೆ ಹೋದ ಜಮೀನಿನಲ್ಲಿ ಅವರ ಮನೆಯ ಖುಷ್ಕಿ ಹೊಲವೂ ಸೇರಿತ್ತು. ಪಹಣಿಯಲ್ಲಿ ಹೆಸರು ಬದಲಾದ ದಿನ ಮನೆಯ ಒಬ್ಬರಿಗೆ ಇಲ್ಲೇ ಕೆಲಸ ಎಂದು ಮಾತಾಗಿತ್ತು. ಮಾತು ಬಾಯಲ್ಲಿ ಮಾತ್ರ ಆಗಿತ್ತು. ಕಾಗದದಲ್ಲಿ ಅಕ್ಕ ಒಂದು ಏಜೆನ್ಸಿಯ ಗುತ್ತಿಗೆ ಆಳು. ಕೆಲಸ ಹೋದರೆ ತಾವು ಉತ್ತಿದ ನೆಲಕ್ಕೆ ಕಾಲಿಡಲೂ ಗೇಟಿನಲ್ಲಿ ಅಪ್ಪಣೆ ಕೇಳಬೇಕು.

"ಅಲ್ಲಿ ನೋಡ್ರಿ ಮೇಡಂ, ಪ್ಯಾನೆಲ್ಲು ನಿಲ್ಸೀರಲ್ಲ, ಅಲ್ಲೇ ನಾವು ಅವರೆ ಹಾಕ್ತಿದ್ವಿ. ಭಾಳ ಚೊಲೋ ಬರ್ತಿತ್ತು" ಎಂದು ತಾರಸಿಯಿಂದ ಕೈ ತೋರಿಸುತ್ತಿದ್ದರು. ನಾನು ಮಾತುಮಾತಿಗೆ 'ಎಂತ' ಎನ್ನುವುದನ್ನು ಆಡಿಕೊಂಡು ನಗುತ್ತಿದ್ದರು. ಅವರ ಬುತ್ತಿಯ ರೊಟ್ಟಿಯಲ್ಲಿ ನನಗೂ ಒಂದು ಪಾಲಿರುತ್ತಿತ್ತು.

ಎಂಟು ತಿಂಗಳು ಗೆರೆ ಸರಿಯಾಗಿಯೇ ಬಂತು. ಅಷ್ಟರಲ್ಲಿ ಆಯುಧಪೂಜೆ. ಕಾಂಕ್ರೀಟ್ ಮಿಕ್ಸರಿನಿಂದ ಹಿಡಿದು ಸ್ಪ್ಯಾನರಿನವರೆಗೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟರು. "ಪ್ಯಾನೆಲ್ಲಿನ ಗಾಜಿಗೆ ಯಾರೂ ಕುಂಕುಮ ಹಚ್ಚಕೂಡದು, ಚೌಕಟ್ಟಿಗೆ ಮಾತ್ರ" ಎಂದು ನಾನೇ ಮೂರು ಸಲ ಗದರಿದೆ. ಕೆಳಗಿನದೆಲ್ಲ ಮುಗಿಸಿ ತಟ್ಟೆ ಹಿಡಿದು ತಾರಸಿಗೆ ಹೋದೆ, ಹಿಂದೆ ಅಕ್ಕ. ಆ ಪೀಠ, ಅದರ ಮೇಲಿನ ಗಾಜು, ಥೇಟ್ ಲಿಂಗದ ಹಾಗೆ. ಹುಟ್ಟಿದಾಗಿನಿಂದ ಮನೆಯಲ್ಲಿ ಲಿಂಗಪೂಜೆ ನೋಡಿದ ಕೈ ನನ್ನದು. ಅದು ನನ್ನನ್ನು ಕೇಳಲಿಲ್ಲ. ಕಲಸಿದ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಗಾಜಿನ ಮೇಲೆ ದಪ್ಪಗೆ ಎಳೆದು, ಒಂದು ಹೂವಿಟ್ಟು, ಕಣ್ಣುಮುಚ್ಚಿ ಕೈಮುಗಿದೆ. ಅಕ್ಕನೂ ಮುಗಿದರು. ಕೆಳಗೆ ಬಂದು ಮಂಡಕ್ಕಿ, ಬೂಂದಿ ತಿಂದೆ. ಮೇಲೆ ಮಾಡಿ ಬಂದದ್ದು ಪೂರ್ತಿ ಮರೆತುಹೋಯಿತು.

ಮರುದಿನದಿಂದ ಗೆರೆ ಕುಸಿಯಿತು. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ, ಹಬ್ಬದ ನಂತರ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಮೆಕ್ಕೆಜೋಳ ಒಕ್ಕುವ ಕಾಲ, ಅದರ ಧೂಳೇ ಇರಬೇಕೆಂದು ಪಕ್ಕದ ಹೊಲದವರ ಜೊತೆ ಜಗಳ ಮಾಡಿ ಮೆಷಿನ್ನಿನ ದಿಕ್ಕು ತಿರುಗಿಸಿ ಎಂದೆ. ಪಾಪ, ಅವರು ತಿರುಗಿಸಿದರು. ಗೆರೆ ಮೇಲೇಳಲಿಲ್ಲ. ಹದಿನೆಂಟು ಮೆಟ್ಟಿಲು ಹತ್ತಿ ಕಣ್ಣಾರೆ ನೋಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹತ್ತಲಿಲ್ಲ. ಮೊಣಕಾಲು ನೋವೆಂದು ಈಗ ನೆವ ಹೇಳಬಹುದು. ನಿಜವೆಂದರೆ, ಕಂಪ್ಯೂಟರು ನೋಡುವವಳು ಗಾಜು ಯಾಕೆ ನೋಡಬೇಕು ಎಂಬ ಜಂಬ.

ಹಾಗಾಗಿ ಕೆಲಸದವರೆಲ್ಲರ ಎದುರೇ ಅಕ್ಕನ ಮೇಲೆ ಹರಿಹಾಯ್ದೆ.

"ದಿನಾ ಒರೆಸೀನ್ರಿ ಮೇಡಂ" ಎಂದರು ಅವರು. "ಅದೊಂದು ಬಿಟ್ಟು ಸುತ್ತ ಎಲ್ಲಾ ಒರೆಸೀನಿ."

"ಎಂತ ಅದೊಂದು ಇದೊಂದು? ಬಟ್ಟೆ ಹಿಡಿಯೋಕೂ ಬರೂದಿಲ್ವಾ ನಿಂಗೆ?"

ಸಿಟ್ಟಿನಲ್ಲಿ 'ನಿಮಗೆ' ಹೋಗಿ 'ನಿಂಗೆ' ಆಗಿತ್ತು. ಅಕ್ಕ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಬಟ್ಟೆ ತೊಳೆಯಲು ಹೋದರು. ಮೂರು ವಾರ ಕಳೆದರೂ ಗೆರೆ ಹಾಗೇ ಮಲಗಿತ್ತು. ಕೆಲಸದಲ್ಲಿ ಅಸಡ್ಡೆ, ಬೇರೆಯವರನ್ನು ಕಳಿಸಿ ಎಂದು ಏಜೆನ್ಸಿಗೆ ಪತ್ರ ಬರೆದು ಸಹಿ ಹಾಕಿದೆ.

ಸೋಮವಾರ ಅಕ್ಕ ಬರಲಿಲ್ಲ. ಅವರ ಜಾಗಕ್ಕೆ ಬಂದ ಹೊಸ ಹೆಂಗಸಿಗೆ ಬಟ್ಟೆ ಕೊಟ್ಟು, ಒಂದು ಚುಕ್ಕೆಯೂ ಉಳಿಯಬಾರದೆಂದು ಹೇಳಿ ಮೇಲೆ ಕಳಿಸಿದೆ. ಅವಳು ಹೋದಷ್ಟೇ ಬೇಗ ಇಳಿದು ಬಂದಳು.

"ಮೇಡಂ, ಮ್ಯಾಲೆ ಲಿಂಗ ಐತಲ್ರೀ, ಅದನ್ನೂ ಒರೆಸೋದಾ?"

"ಯಾವ ಲಿಂಗ?"

"ವಿಭೂತಿ ಹಚ್ಚೀರಲ್ರೀ, ಅದು. ನಾನು ಹೆಂಗ್ ಅಳಿಸ್ಲಿ? ನೀವೇ ಬರ್ರಿ."

ಮೊಣಕಾಲಿನ ನೆನಪಿಲ್ಲದೆ ಮೆಟ್ಟಿಲು ಹತ್ತಿದೆ. ಗಾಜಿನ ಮೇಲೆ ನನ್ನ ಮೂರೂ ಬೆರಳು ಒಣಗಿ ಬೆಳ್ಳಗೆ ಕೂತಿದ್ದವು. ಅವುಗಳ ಸುತ್ತ ಗಾಜು ಫಳಫಳ ಹೊಳೆಯುತ್ತಿತ್ತು. ಪಟ್ಟೆ ಪಟ್ಟೆಗಳ ನಡುವೆ ಬಟ್ಟೆಯ ಅಂಚು ತೂರಿಸಿ, ಒಂದು ಕಣ ವಿಭೂತಿ ಅಲುಗದ ಹಾಗೆ, ಅಕ್ಕ ಅಷ್ಟೂ ದಿನ ಒರೆಸಿದ್ದರು. ಒದ್ದೆ ಬಟ್ಟೆಯಿಂದ ನಾನೇ ಅಳಿಸಿದೆ. ಮಧ್ಯಾಹ್ನಕ್ಕೆ ಗೆರೆ ಮೊದಲಿನ ಎತ್ತರಕ್ಕೆ ಬಂತು.

ಏಜೆನ್ಸಿಯ ಸೂಪರ್‌ವೈಸರಿಗೆ ಫೋನು ಮಾಡಿ ಅಕ್ಕನನ್ನು ವಾಪಸು ಕಳಿಸಿ ಎಂದೆ. "ಯಾಕ್ರೀ ಮೇಡಂ? ಆ ಯಮ್ಮನೇ ಒಪ್ಕೊಂಡಾರಲ್ಲ, ತಪ್ಪು ನಂದೇ, ಸರಿಯಾಗಿ ಒರೆಸ್ಲಿಲ್ಲ ಅಂತ" ಎಂದ ಅವನು.

ಅವತ್ತೇ ತೊಗರ್ಸಿಗೆ ಹೋದೆ. ಅಕ್ಕ ಯಾರದೋ ಹೊಲದಲ್ಲಿ ಕೂಲಿಗೆ ತೆನೆ ಮುರಿದು ಆಗಷ್ಟೇ ಬಂದಿದ್ದರು. ಜಗಲಿಯ ಮೇಲೆ ಅವರ ಅತ್ತೆ ಕೂತಿದ್ದರು, ಕಣ್ಣು ಪೂರ್ತಿ ಹೋದ ಮುದುಕಿ. ನಾನು ಯಾರೆಂದು ತಿಳಿದದ್ದೇ, "ಬಾರವ್ವ, ಗ್ವಾಡಿ ಎಷ್ಟು ಎತ್ರ ಬಂತು?" ಎಂದರು. ನಾನು ಏನೋ ಗೊಣಗಿ ಅಕ್ಕನನ್ನು ಅಂಗಳದ ಆಚೆ ಕರೆದುಕೊಂಡು ಹೋದೆ.

"ವಿಭೂತಿ ಹಚ್ಚಿದ್ದು ನಾನು ಅಂತ ಯಾಕೆ ಹೇಳಲಿಲ್ಲ ಅಕ್ಕ?"

"ಮೊದ್ಲು ನಿಮಗೆ ಗೊತ್ತೈತಿ ಅಂದ್ಕೊಂಡೆ. ಬೇಕಂತ್ಲೇ ಇಟ್ಟಾರೆ, ಅಳಿಸಬಾರ್ದು ಅಂತ. ನೀವು ಬೈದ ದಿನ ತಿಳೀತು, ಮರ್ತೀರಿ ಅಂತ."

"ಅವತ್ತೇ ಹೇಳಬಹುದಿತ್ತಲ್ಲ ಮಾರಾಯ್ತಿ!"

"ಎಲ್ರ ಮುಂದೆ ಬೈತಿದ್ರಿ. ಎಲ್ರ ಮುಂದೆ ಹೆಂಗ್ ಹೇಳ್ಲಿ? ಆಮ್ಯಾಲೆ ಏಜೆನ್ಸಿ ಸಾಹೇಬ್ರು ಕೇಳಿದ್ರು. ನನ್ನ ತೆಗದ್ರೆ ಇನ್ನೊಬ್ಳು ಬಂದು ಒರೆಸ್ತಾಳೆ. ನಿಮ್ಮನ್ನ ತೆಗದ್ರೆ ಕಟ್ಟೋರು ಯಾರ್ರೀ? ಹೊಲಾನೂ ಹೋತು, ಕಟ್ಟಡಾನೂ ಬರ್ಲಿಲ್ಲ ಅಂದ್ರೆ ಈ ಮುದುಕಿಗೆ ಏನ್ ಹೇಳ್ಲಿ? ದಿನಾ ಸಂಜಿ ಅದನ್ನೇ ಕೇಳ್ತಾಳೆ."

ನಾನು ಅತ್ತುಬಿಟ್ಟೆ. ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು ಚಹಾ ಮಾಡಲು ಒಳಗೆ ಹೋದರು.

ಮರುದಿನ ಸಮಿತಿಗೆ ಇದ್ದದ್ದು ಇದ್ದಹಾಗೆ ಬರೆದೆ. ಸಮಿತಿಯವರು ಒಳ್ಳೆಯವರೇ, ನನ್ನನ್ನು ಉಳಿಸಿಕೊಂಡರು. ಅಳತೆ ಎಡೆಬಿಟ್ಟು ಹೋಗಿದೆ, ವರ್ಷವನ್ನು ಮೊದಲಿನಿಂದ ಎಣಿಸಿ ಎಂದರು. ಅಕ್ಕನ ಕೆಲಸವನ್ನು ಈ ಸಲ ವಿಶ್ವವಿದ್ಯಾಲಯದ ಕಾಗದದಲ್ಲೇ ಬರೆಸಿಕೊಟ್ಟೆ. ಅಷ್ಟು ಮಾಡುವುದು ನನ್ನ ಕೈಲಿತ್ತು. ಗೋಡೆ ಎಬ್ಬಿಸುವುದು ಇನ್ನೊಂದು ವರ್ಷ ನನ್ನ ಕೈಲಿರಲಿಲ್ಲ. ಮೇಸ್ತ್ರಿಯ ಆಳುಗಳು ಮಿಕ್ಸರನ್ನು ಎಳೆದುಕೊಂಡು ಬೇರೆ ಕೆಲಸಕ್ಕೆ ಹೋದರು.

ಅಕ್ಕ ವಾಪಸು ಬಂದ ದಿನ ಸಂಜೆ ಪಾಯದ ಹತ್ತಿರ ನಿಂತಿದ್ದರು. ನಾನೂ ಹೋಗಿ ನಿಂತೆ.

"ಅತ್ತೆಗೆ ನಿಜ ಹೇಳಿ ಅಕ್ಕ. ಆ ಮೇಡಂ ಮಾಡಿದ ತಪ್ಪಿಗೆ ಕೆಲಸ ನಿಂತಿದೆ ಅಂತಲೇ ಹೇಳಿ."

"ಬ್ಯಾಡ್ರಿ. ಮುಂದಿನ ವರ್ಷದ ತನ ಇರ್ತಾಳೋ ಇಲ್ಲೋ" ಎಂದರು ಅಕ್ಕ, ಬುತ್ತಿಚೀಲ ಹೆಗಲಿಗೇರಿಸುತ್ತ. "ನಿನ್ನೆ ಗ್ವಾಡಿ ಸೊಂಟದ ಮಟ ಬಂದೈತಿ ಅಂದೀನಿ. ಇವತ್ತು ಒಂದು ಗೇಣು ಏರಿಸ್ತೀನಿ."