ಮುದ್ದೆ ನುಂಗಿದವರ ವಯಸ್ಸು

ಮಣ್ಣಿನಲ್ಲಿ ಸಿಕ್ಕ ಮೂಳೆಗಳನ್ನು ನೋಡಿ, ಮಧ್ಯಯುಗದ ಜನ ಏನು ಉಂಡರು, ಯಾವ ಕಾಯಿಲೆಯಿಂದ ನರಳಿದರು, ಎಷ್ಟು ಕಾಲ ಬಾಳಿದರು ಎಂದು ಹೇಳಬಲ್ಲ ವಿದ್ವಾಂಸರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಡಾ. ಶ್ಯಾಮಲ ಅವರದು ಎದ್ದು ಕಾಣುವ ಹೆಸರು. ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ, ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಕುರಿತು ಬರೆಯುವ ಭಾಗ್ಯ ಶಿಷ್ಯವರ್ಗಕ್ಕೆ ಒದಗಿದೆ.

ಬಂಗಾರಪೇಟೆಯ ಹಾಲು ಮಾರುವವರ ಮನೆಯಲ್ಲಿ ಹುಟ್ಟಿ, ಇತಿಹಾಸವನ್ನೂ ಮಾನವಶಾಸ್ತ್ರವನ್ನೂ ಓದಿ ಊರ ಕಡೆಗೇ ಮರಳಿದ ಶ್ಯಾಮಲ ಅವರಿಗೆ ಪ್ರಯೋಗಾಲಯವಾಗಿ ದಕ್ಕಿದ್ದು ಸೈಕಲ್ ಸ್ಟ್ಯಾಂಡಿನ ಪಕ್ಕದ ಒಂದು ಕೋಣೆ. ಮೂಳೆಗಳನ್ನು ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕಾಮಸಮುದ್ರದ ಬಸ್ಸಿನಲ್ಲಿ ತರುತ್ತಿದ್ದರು. "ಮೂಳೆ ಮೇಡಂ ಬಂದ್ರು, ಸೀಟ್ ಬಿಡ್ರಪ್ಪಾ" ಎಂದು ಕಂಡಕ್ಟರು ಕೂಗಿದರೆ ಅವರಿಗೆ ಸಿಟ್ಟಿಲ್ಲ, ಒಳಗೊಳಗೇ ಹೆಮ್ಮೆ. ಗಣಿ ಕಾರ್ಮಿಕರ ಮಗಳು ಸೆಲ್ವಿ ಕನ್ನಡದಲ್ಲಿ ಹೇಳುವ ಪಾಠ ತಲೆಗೆ ಹತ್ತದೆ ಕಾಲೇಜು ಬಿಡಲು ಹೊರಟಾಗ, ಇಡೀ ವರ್ಷ ಸಂಜೆ ಕೂರಿಸಿಕೊಂಡು ಅದೇ ಪಾಠವನ್ನು ತಮಿಳಿನಲ್ಲಿ ಮತ್ತೆ ಹೇಳಿದರು.

ಏಳು ವರ್ಷಗಳ ಹಿಂದೆ ಕಾಮಸಮುದ್ರದ ಬಳಿ, ಚಿಕ್ಕವೆಂಕಟಮ್ಮನವರ ಹೊಲದಲ್ಲಿ ಕೊಟ್ಟಿಗೆಗೆ ಪಾಯ ತೆಗೆಯುವಾಗ ಆರುನೂರು ವರ್ಷ ಹಳೆಯ ಮೂವತ್ತನಾಲ್ಕು ಅಸ್ಥಿಪಂಜರಗಳು ಸಿಕ್ಕವು. ಅಧ್ಯಯನದ ಮುಖ್ಯಸ್ಥರಾಗಿ ಬಂದ ಡಾ. ಶ್ರೀಧರ್ ಹಲ್ಲುಗಳನ್ನು ನೋಡಿದರು. ಹಲ್ಲು ಎಷ್ಟು ಸವೆದಿದೆಯೋ ಅಷ್ಟು ವಯಸ್ಸು ಎಂಬುದು ಅವರು ನಂಬಿದ ಕೋಷ್ಟಕ. ಇಲ್ಲಿನ ಹಲ್ಲುಗಳೋ ಹೆಚ್ಚು ಸವೆದೇ ಇರಲಿಲ್ಲ. ಹಲ್ಲು ಸವೆಯುವಷ್ಟು ಉಂಡೂ ಇಲ್ಲ, ಬಾಳಿಯೂ ಇಲ್ಲ; ಹಸಿವಿನಿಂದ ಮೂವತ್ತರೊಳಗೇ ಸತ್ತ ಜನ ಎಂದು ವರದಿ ಸಿದ್ಧವಾಯಿತು. ಶ್ಯಾಮಲ ಅವರ ಸಹಿಯೊಂದೇ ಬಾಕಿ. ಹದಿನೈದು ದಿನದಲ್ಲಿ ಮೂಳೆಯ ಪೆಟ್ಟಿಗೆಗಳು ನಗರಕ್ಕೆ ಹೊರಡಬೇಕು. ಸಹಿ ಬಿದ್ದರೆ ಒಂದು ಊರಿನ ಹಿರಿಯರೆಲ್ಲ ಶಾಶ್ವತವಾಗಿ ಉಪವಾಸ ಸತ್ತವರಾಗುತ್ತಿದ್ದರು. ಶ್ಯಾಮಲ ಅವರಿಗೆ ಮನಸ್ಸು ಒಪ್ಪಲಿಲ್ಲ, ಏಕೆಂದು ಹೇಳಲು ಆಧಾರವೂ ಇರಲಿಲ್ಲ.

ಸಹಿ ಹಾಕಬೇಕಿದ್ದ ದಿನ ಮಧ್ಯಾಹ್ನ ಚಿಕ್ಕವೆಂಕಟಮ್ಮ ಎಲ್ಲರಿಗೂ ರಾಗಿಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಮುದ್ದೆ ಉಂಡು ಗೊತ್ತಿಲ್ಲದ ಶ್ರೀಧರ್ ತುತ್ತು ಮುರಿದು ಬಾಯಿಗಿಟ್ಟು ಶ್ರದ್ಧೆಯಿಂದ ಅಗಿಯತೊಡಗಿದರು. ಮುದ್ದೆ ಹಲ್ಲಿಗೆ, ಅಂಗುಳಿಗೆ ಮೆತ್ತಿಕೊಂಡು ಪಾಪ, ಮಾತೇ ಹೊರಡಲಿಲ್ಲ.

"ಅಯ್ಯೋ ಸಾಮಿ, ಮುದ್ದೆ ಯಾರಾದ್ರೂ ಅಗೀತಾರಾ? ಸಾರಲ್ಲಿ ಅದ್ದಿ ನುಂಗ್ಬೇಕು! ನಮ್ ತಾತುಂಗೆ ಎಂಬತ್ತಾದ್ರೂ ಅಲ್ಲು ಒಸಾದಂಗೇ ಇದ್ವು" ಎಂದು ಚಿಕ್ಕವೆಂಕಟಮ್ಮ ನಕ್ಕರು.

ಶ್ಯಾಮಲ ಅವರ ಕೈಯ ತುತ್ತು ಅಲ್ಲೇ ನಿಂತಿತು. ಅಗಿದು ತಿನ್ನುವವರಿಗಾಗಿ ಮಾಡಿದ ಕೋಷ್ಟಕದಲ್ಲಿ ನುಂಗುವವರ ವಯಸ್ಸು ಹುಡುಕಿದರೆ ಸಿಕ್ಕೀತೇ? ಮುದ್ದೆ ಉಂಡೇ ಬೆಳೆದ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. "ಸಾರ್, ನಾನು ಸಹಿ ಹಾಕಲ್ಲ. ಹದಿನೈದು ದಿನ ಕೊಡಿ" ಎಂದರು.

ಅಷ್ಟರಲ್ಲಿ ತಮ್ಮ ಬಳಿಯೇ ಸಂಶೋಧನೆಗೆ ಸೇರಿದ್ದ ಸೆಲ್ವಿಯನ್ನು ಜೊತೆಗಿಟ್ಟುಕೊಂಡು ಹಲ್ಲುಗಳನ್ನು ಬದಿಗಿಟ್ಟರು. ವಯಸ್ಸಾದಂತೆ ಮಾರ್ಪಡುವ ಸೊಂಟದ ಮೂಳೆಯ ಕೀಲು, ಬೆನ್ನೆಲುಬಿನ ಅಂಚುಗಳನ್ನು ಒಂದೊಂದಾಗಿ ನೋಡಿದರು. ಮೂವತ್ತನಾಲ್ವರಲ್ಲಿ ಇಪ್ಪತ್ತೊಂದು ಜನ ಐವತ್ತು ದಾಟಿದ್ದರು. ಒಬ್ಬ ಅಜ್ಜಿಗಂತೂ ಎಪ್ಪತ್ತರ ಹತ್ತಿರ! ಮೂಳೆಯ ರಾಸಾಯನಿಕ ಪರೀಕ್ಷೆಯೂ ರಾಗಿಯಂಥ ಧಾನ್ಯವೇ ಅವರ ಊಟವೆಂದು ಸಾರಿತು. ಶ್ರೀಧರ್ ದೊಡ್ಡ ಮನಸ್ಸಿನವರು. ತಮ್ಮ ವರದಿಗೆ ತಾವೇ ಕಾಟು ಹೊಡೆದು, ತುಂಬಿದ ವಿದ್ವತ್ಸಭೆಯಲ್ಲಿ ಹೊಸದನ್ನು ಓದಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪ್ರಬಂಧದಲ್ಲಿ ಮೊದಲ ಹೆಸರು ಸೆಲ್ವಿಯದು. ಹಾಗೆ ಹಾಕಿಸಿದವರು ಮೇಡಂ.

ವಿಷಯ ತಿಳಿಸಲು ಹೋದಾಗ ಚಿಕ್ಕವೆಂಕಟಮ್ಮ ಕೇಳಿದ್ದು ಒಂದೇ ಮಾತು: "ಅಂಗಾರೆ ನಮ್ಮೋರು ಮೊಮ್ಮಕ್ಕಳ ಮೊಕ ನೋಡೇ ಓದ್ರು ಅನ್ನಮ್ಮಾ?"

"ಹೌದಮ್ಮಾ, ನೋಡೇ ಹೋದ್ರು" ಎಂದ ಶ್ಯಾಮಲ ಅವರು ಅಲ್ಲೇ ಕಣ್ಣೊರೆಸಿಕೊಂಡರು.

ಆರುನೂರು ವರ್ಷದ ಹಿಂದೆ ತೀರಿಕೊಂಡವರಿಗೂ ಆಯುಸ್ಸು ಕೊಡಿಸಿದ ಇಂಥವರಿಗೆ ಆಯುಸ್ಸು ಹಾರೈಸಲು ನಾವೆಷ್ಟರವರು? ಆದರೂ ಹಾರೈಸುತ್ತೇವೆ, ಸ್ವಾರ್ಥದಿಂದಲೇ. ಬೇರೆಡೆ ಸಿಕ್ಕ ಮೂಳೆಗಳ, ಇನ್ನೂ ಯಾರೂ ಬಿಚ್ಚಿ ನೋಡದ ಹನ್ನೊಂದು ಪೆಟ್ಟಿಗೆಗಳು ಸೈಕಲ್ ಸ್ಟ್ಯಾಂಡಿನ ಪಕ್ಕದ ಆ ಕೋಣೆಯಲ್ಲಿವೆ. ಅವುಗಳೊಳಗಿನವರೂ ತಮ್ಮ ವಯಸ್ಸು ಕೇಳಲು ಮೇಡಂಗಾಗಿಯೇ ಕಾದಿದ್ದಾರೆ.