ಅಪ್ಪಿಯಮ್ಮನ ಅರವತ್ತೊಂದು ಹಾಡು

ನಾರಾವಿಯ ಶಶಿಪ್ರಭಾ ಬೀಡಿ ಕಟ್ಟುತ್ತಾರೆ. ಅವರ ತಾಯಿ ಅಪ್ಪಿಯಮ್ಮನೂ ಹೋದ ವರ್ಷದ ಮಳೆಗಾಲದ ಆಟಿ ತಿಂಗಳವರೆಗೆ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪು, ಬಾಯಲ್ಲಿ ಪಾಡ್ದನ. ಗದ್ದೆಯಲ್ಲಿ ನೇಜಿ ನೆಡುತ್ತಾ ಕಲಿತ ಆ ತುಳು ಹಾಡುಕಥೆಗಳು ಅವರಿಗೆ ಕೈ ಆಡುತ್ತಿದ್ದರೆ ಮಾತ್ರ ನೆನಪಾಗುತ್ತಿದ್ದವು. ಒಮ್ಮೆ ಹಾಡು ರೆಕಾರ್ಡ್ ಮಾಡಲು ಉಜಿರೆಯಿಂದ ಒಬ್ಬ ಮೇಷ್ಟ್ರು ಬಂದು, ಕುರ್ಚಿಯಲ್ಲಿ ಕೂರಿಸಿ, ಮುಖಕ್ಕೆ ಮೈಕ್ ಹಿಡಿದರು. ಎರಡು ಸಾಲಿಗೇ ಅಪ್ಪಿಯಮ್ಮ ತಡವರಿಸಿದರು. ಇವರಿಗೆ ಏನೂ ಬರುವುದಿಲ್ಲ ಎಂದುಕೊಂಡು ಆ ಮಹಾನುಭಾವರು ಚೀಲ ಹೆಗಲಿಗೇರಿಸಿ ನಡೆದರು.

ಆ ಸಿಟ್ಟಿಗೇ ಮಗಳು, ತಾಯಿ ಬೀಡಿ ಕಟ್ಟುವಾಗ ಫೋನಿನಲ್ಲಿ ವಿಡಿಯೊ ಮಾಡತೊಡಗಿದ್ದು. ಚಾನೆಲ್ ತೆರೆದು ಕೊಟ್ಟವನು ನಾನು, ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯ ರವಿಶಂಕರ್. ಶಶಿಯಕ್ಕ ಫೋನ್ ತರುತ್ತಿದ್ದರು, ನಾನು ಹಾಡಿನ ಹೆಸರು ಟೈಪ್ ಮಾಡಿ ಏರಿಸುತ್ತಿದ್ದೆ. ನಾಲ್ಕು ಸಾವಿರ ಜನ ಸೇರಿದರು. ದುಬೈಯ ನಿತ್ಯಾನಂದ ಎಂಬವರು ಪ್ರತಿ ಹಾಡಿನ ಕೆಳಗೂ ‘ನನ್ನ ಅಜ್ಜಿಯದ್ದೇ ಸ್ವರ’ ಎಂದು ಬರೆಯುತ್ತಿದ್ದರು.

“ಫೋನಿನಲ್ಲಿ ಜಾಗ ಇಲ್ಲ ರವಿಯಣ್ಣ” ಎಂದರು ಶಶಿಯಕ್ಕ ಒಂದು ದಿನ.

“ಅಳಿಸಿ ಬಿಡಿ ಅಕ್ಕಾ. ಚಾನೆಲಿನಲ್ಲಿ ಭದ್ರ ಉಂಟಲ್ಲ?” ಎಂದೆ. ಆ ಬುದ್ಧಿವಂತಿಕೆಗೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು.

ಆಟಿಯಲ್ಲಿ ಪಾರ್ಶ್ವವಾಯು ಬಡಿದು ಅಪ್ಪಿಯಮ್ಮನ ಮಾತು ನಿಂತಿತು. ಆಮೇಲೆ ಶಶಿಯಕ್ಕ ದಿನಾ ಆ ಹಾಡುಗಳನ್ನೇ ಹಾಕಿ ಕೇಳಿಸುತ್ತಿದ್ದರು. ತಾಯಿಯ ತುಟಿ ಅಲುಗುತ್ತಿತ್ತು.

ಮೂರು ತಿಂಗಳಿಗೆ ಚಾನೆಲ್ಲೇ ಮಾಯ. ಕಂಪೆನಿಯವರು ಕೊಟ್ಟ ಕಾರಣ, ತಂಬಾಕಿನ ಪ್ರಚಾರ! ಅರವತ್ತೊಂದು ವಿಡಿಯೊದಲ್ಲೂ ಮೊರ ಇತ್ತಲ್ಲ. ನಮ್ಮ ಕಡೆ ಬೀಡಿಯೆಂದರೆ ಹೆಂಗಸರ ಕೆಲಸ. ಅದರೊಳಗೆ ಇರುವುದು ತಂಬಾಕು ಎಂಬುದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. ಮೇಲ್ಮನವಿ ಬರೆದೆ. ಚಹಾ ಕುಡಿದು ಮುಗಿಸುವುದರೊಳಗೆ ತಿರಸ್ಕಾರ ಬಂತು. ಅದನ್ನು ಮನುಷ್ಯರು ಓದಿದರೋ ಇಲ್ಲವೋ, ದೇವರಿಗೇ ಗೊತ್ತು. ಕಮೆಂಟುಗಳೂ ಹೋದ ಕಾರಣ ನಿತ್ಯಾನಂದರನ್ನು ಹುಡುಕಲು ದಾರಿಯಿರಲಿಲ್ಲ. ಇದ್ದಬದ್ದ ತುಳು ಗ್ರೂಪುಗಳಲ್ಲೆಲ್ಲ ಅಂಗಲಾಚಿದೆ, ಯಾರಾದರೂ ಉಳಿಸಿಕೊಂಡಿದ್ದೀರಾ ಎಂದು. ಅಳುವ ಮುಖ, ಮುಗಿದ ಕೈ ಮುನ್ನೂರು ಬಂದವು. ಹಾಡು ಒಂದೂ ಬರಲಿಲ್ಲ.

ಮೊನ್ನೆ ಶಶಿಯಕ್ಕ ನೋಟ್‌ಬುಕ್ ಹಿಡಿದು ಅಂಗಡಿಗೆ ಬಂದರು. ಮುಖ ಇಳಿದುಹೋಗಿತ್ತು.

“ನನಗೆ ನೆನಪಿದ್ದ ಸಾಲು ಅಮ್ಮನಿಗೆ ಹೇಳ್ತೇನೆ. ಸರಿಯಾದರೆ ಕಣ್ಣು ಮುಚ್ಚಿ ತೆರೀತಾರೆ. ಹಾಗೆ ಒಂದು ಹಾಡು ಅರ್ಧ ಬರೆದೆ. ಅಣ್ಣ ತಂಗಿಯನ್ನು ದೋಣಿ ಹತ್ತಿಸಿದ ಮೇಲೆ ಏನಾಗ್ತದೆ ಅಂತ ನನಗೆ ಮರೆತು ಹೋಗಿದೆ. ಅಮ್ಮನಿಗೆ ಗೊತ್ತುಂಟು, ಹೇಳ್ಲಿಕ್ಕೆ ಆಗುವುದಿಲ್ಲ. ನನ್ನ ಕೈ ಹಿಡಿದು ಅಳ್ತಾರೆ. ನೀವು ಎಲ್ಲ ಕೇಳಿದ್ದೀರಲ್ಲ, ಸ್ವಲ್ಪ ಹೇಳಿ ಮಾರಾಯ್ರೆ.”

ಪುಟ ಬಿಡಿಸಿ, ಪೆನ್ನು ಹಿಡಿದು ಕಾದರು. ಹೆಸರು ಟೈಪ್ ಮಾಡಲು ಹಾಡಿನ ಮೊದಲ ಅರ್ಧ ನಿಮಿಷ ಕೇಳಿದರೆ ಸಾಕಾಗುತ್ತಿತ್ತು ನನಗೆ. ಗಿರಾಕಿಗಳು ನಿಂತಿರುತ್ತಿದ್ದರು. ಅರವತ್ತೊಂದರಲ್ಲಿ ಒಂದನ್ನೂ ಕೊನೆಯವರೆಗೆ ಕೇಳಿಲ್ಲವೆಂದು ಅವರಿಗೆ ಹೇಳಬೇಕಾಯಿತು.